ಕೋಳಿಗೂ ಬಂದಿತ್ತು, ಕರುವಿಗೂ ಬಂದಿತ್ತು: ಹಟ್ಟಿಯ ಕೊರೊನಾದ ಹಳೇ ಕತೆ

2020ರ ಜೂನ್ ಕೊನೆಗೆ ತುಮಕೂರು ಜಿಲ್ಲೆಯ ಗೋಡೆಕೆರೆ ಕಡೆಯಿಂದ ಹೊರಟ ಒಂದು ಸುದ್ದಿ ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಲು ತಡವಾಗಲಿಲ್ಲ. ಅಲ್ಲಿ ಆಡು ಮೇಯಿಸುವವರೊಬ್ಬರಿಗೆ ಕೋವಿಡ್ ದೃಢಪಟ್ಟಿತ್ತು. ಅವರ ಹಿಂಡಿನ ಕೆಲವು ಆಡುಗಳಿಗೂ ಉಸಿರಾಟದ ತೊಂದರೆ. ಐವತ್ತರ ಹತ್ತಿರವಿದ್ದ ಹಿಂಡನ್ನು ಊರಾಚೆ ಕ್ವಾರಂಟೈನ್‌ನಲ್ಲಿಟ್ಟು, ಮಾದರಿಗಳನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಬಕ್ರೀದ್‌ಗೆ ಇನ್ನೊಂದೇ ತಿಂಗಳಿತ್ತು. ಕರಾವಳಿಯ ಮಳೆ, ಕೆಸರು ಕುರಿಗೆ ಒಗ್ಗುವುದಿಲ್ಲ. ಮಂಗಳೂರು, ಉಡುಪಿಗೆ ಬೇಕಾದ ಆಡು ಕುರಿ ಬರುವುದೇ ಹೆಚ್ಚಾಗಿ ಘಟ್ಟದ ಮೇಲಿನ ಸಂತೆಗಳಿಂದ. ಹಾಗಾಗಿ ಘಟ್ಟದ ಆಡಿಗೆ ಕೊರೊನಾ ಅಂದರೆ ಅದು ನಮ್ಮದೇ ಸುದ್ದಿ.

ಇದಕ್ಕೂ ಮೂರು ನಾಲ್ಕು ತಿಂಗಳು ಮೊದಲು ಕೋಳಿಯ ಸರದಿ ಮುಗಿದಿತ್ತು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಸರಿಯಾಗಿ ಮಾರ್ಚ್‌ನಲ್ಲಿ ಕೋಝಿಕ್ಕೋಡ್‌ನಲ್ಲೂ ಮೈಸೂರಿನಲ್ಲೂ ಹಕ್ಕಿ ಜ್ವರ ಕಾಣಿಸಿಕೊಂಡಿತು. ಎರಡು ಬೇರೆ ಬೇರೆ ರೋಗಗಳು ಜನರ ಬಾಯಲ್ಲಿ ಒಂದಾದವು. ಬ್ರಾಯ್ಲರ್ ದರ ನೆಲಕಚ್ಚಿತು. ಗೋಕಾಕ ಕಡೆ ಒಬ್ಬ ರೈತ ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದ ವಿಡಿಯೊ ಎಲ್ಲರೂ ನೋಡಿದ್ದೇ. ವಾರಕ್ಕೊಮ್ಮೆ ಕೋಳಿ ರೊಟ್ಟಿ ಆಗಲೇಬೇಕಾದ ಮನೆಗಳಲ್ಲೂ ಮೀನಿನ ಮೇಲೆಯೇ ಕಾಲ ಹೋಯಿತು.

ತಮಾಷೆಯೆಂದರೆ ಕೋಳಿಗೆ ಕೊರೊನಾ ಬರುವುದು ಸುಳ್ಳಲ್ಲ. ಕೊರೊನಾ ಎಂದರೆ ಒಂದೇ ವೈರಸ್ಸಲ್ಲ, ಒಂದು ದೊಡ್ಡ ಕುಟುಂಬ; ಕೋವಿಡ್ ತಂದದ್ದು ಅದರಲ್ಲೊಂದು, ಕೋಳಿಯದ್ದು ಇನ್ನೊಂದು. ಮನುಷ್ಯನಿಗಿಂತ ಮೊದಲು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ ಕೋಳಿಯ ಕೊರೊನಾ. 1931ರಲ್ಲಿ ಅಮೆರಿಕದ ನಾರ್ತ್ ಡಕೋಟದಲ್ಲಿ ಕೋಳಿಮರಿಗಳು ಬಾಯಿ ತೆರೆದು, ಗೊರಗೊರ ಸದ್ದು ಮಾಡುತ್ತ ಸಾಯತೊಡಗಿದ ಬಗ್ಗೆ ಅಲ್ಲಿನ ಪಶುವೈದ್ಯರು ಬರೆದರು. ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂದು ಹೆಸರಾಯಿತು. ಮೊಟ್ಟೆ ಇಡುವ ಕೋಳಿಗೆ ಇದು ಬಂದರೆ ಮೊಟ್ಟೆಯಲ್ಲೇ ಗೊತ್ತಾಗುತ್ತದೆ: ಚಿಪ್ಪು ಸುಕ್ಕುಸುಕ್ಕು, ಸೊಟ್ಟ, ಕಾವಲಿಗೆ ಒಡೆದರೆ ಬಿಳಿಭಾಗ ನಿಲ್ಲದೆ ನೀರಾಗಿ ಹರಿಯುತ್ತದೆ. ಇದರ ಲಸಿಕೆ ಎಷ್ಟೋ ದಶಕಗಳಿಂದ ಬಳಕೆಯಲ್ಲಿದೆ. ಫಾರಂನಲ್ಲಿ ಮರಿಯ ಕಣ್ಣಿಗೆ ಒಂದು ಹನಿ ಬಿಡುತ್ತಾರೆ, ಇಲ್ಲವೇ ಕುಡಿಯುವ ನೀರಿಗೆ ಬೆರೆಸುತ್ತಾರೆ. ಇಷ್ಟು ವರ್ಷ ಈ ಕೋಳಿಗಳ ನಡುವೆಯೇ ದುಡಿದವರಿಗೆ ಅದರಿಂದ ರೋಗ ಅಂಟಿದ್ದಿಲ್ಲ.

ಮನುಷ್ಯನ ಕೊರೊನಾ ಕಂಡದ್ದು 1960ರ ದಶಕದಲ್ಲಿ, ಬರೀ ನೆಗಡಿ ತರುವ ವೈರಸ್ಸಾಗಿ. ಸ್ಕಾಟ್ಲೆಂಡ್‌ನ ಬಸ್ ಚಾಲಕರೊಬ್ಬರ ಮಗಳು ಜೂನ್ ಅಲ್ಮೇಡಾ, ಹದಿನಾರಕ್ಕೇ ಶಾಲೆ ಬಿಟ್ಟು ಪ್ರಯೋಗಾಲಯದಲ್ಲಿ ಕೆಲಸ ಕಲಿತವರು. ಲಂಡನ್ನಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಆ ವೈರಸ್ ಕಂಡಾಗ ಅವರಿಗೆ ಅದು ಹೊಸದೆನಿಸಲಿಲ್ಲ; ಕೋಳಿಯ ಬ್ರಾಂಕೈಟಿಸ್ ವೈರಸ್ಸಿನಲ್ಲಿ ಇದೇ ಆಕಾರ ನೋಡಿದ್ದರು. ಅಂಥ ಚಿತ್ರಗಳ ಅವರ ಹಿಂದಿನ ಲೇಖನವನ್ನು, ಇವು ಫ್ಲೂ ವೈರಸ್ಸಿನ ಕೆಟ್ಟ ಫೋಟೊಗಳು ಎಂದು ತಿರಸ್ಕರಿಸಿದ್ದೂ ಉಂಟು. 1968ರಲ್ಲಿ ಈ ಗುಂಪಿಗೆ ಕೊರೊನಾ ಎಂಬ ಹೆಸರು ಬಿತ್ತು.

ಇದೇ ಗುಂಪಿನ ವೈರಸ್ ತರುವ ಹಂದಿಮರಿಗಳ ಭೇದಿ 1946ರಲ್ಲೇ ದಾಖಲಾಗಿತ್ತು. ದನದ ಕೊರೊನಾ 1970ರ ದಶಕದ ಆರಂಭದಲ್ಲಿ ಸಿಕ್ಕಿತು, ನೆಬ್ರಾಸ್ಕದ ಕರುಗಳಲ್ಲಿ. ನಮ್ಮಲ್ಲಿ ಡೈರಿಗೆ ಹಾಲು ಹಾಕುವ ಮನೆಗಳಿಗೆ ಇದರ ಹೆಸರು ಗೊತ್ತಿಲ್ಲದಿದ್ದರೂ ಲಕ್ಷಣ ಗೊತ್ತು. ಹುಟ್ಟಿ ವಾರ ಹತ್ತು ದಿನದ ಕರು ಹಳದಿ ನೀರಿನಂತೆ ಭೇದಿ ಹಾಕುತ್ತದೆ, ಬಾಲ ತೊಡೆಯೆಲ್ಲ ಅಂಟು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ, ಕಣ್ಣು ಗುಳಿ ಬಿದ್ದಿರುತ್ತದೆ. ವೈರಸ್ ಕರುಳಿನ ಒಳಪದರವನ್ನು ತಿಂದುಹಾಕುವುದರಿಂದ ಕುಡಿದ ಹಾಲು ಜೀರ್ಣವಾಗದೆ, ಮೈಯ ನೀರನ್ನೂ ಉಪ್ಪನ್ನೂ ಸೆಳೆದುಕೊಂಡು ಹೊರಗೆ ಹೋಗುತ್ತದೆ. ಕರುವನ್ನು ಕೊಲ್ಲುವುದು ಹೆಚ್ಚಾಗಿ ಈ ನಿರ್ಜಲೀಕರಣವೇ. ಎಲ್ಲ ಕರು ಭೇದಿಯೂ ಕೊರೊನಾ ಅಲ್ಲ. ರೋಟಾ ವೈರಸ್ ಇದೆ, ಇ-ಕೋಲಿ ಇದೆ, ಹೊಟ್ಟೆಹುಳ ಇದೆ. ಕುರಿಮರಿ, ಆಡಿನ ಮರಿಗಳಲ್ಲೂ ದನದ್ದನ್ನೇ ಹೋಲುವ ಕೊರೊನಾ ಭೇದಿ ತರುವುದುಂಟು. ಇವಕ್ಕೆಲ್ಲ ಮೊದಲ ಕಾವಲು ಗಿಣ್ಣು ಹಾಲು, ಅದೂ ಹುಟ್ಟಿದ ಮೊದಲ ಆರು ಗಂಟೆಯೊಳಗೆ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣು ಯಾರಿಗೆ ಬೇಡ? ಆದರೆ ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದಷ್ಟೇ ಒಲೆಗೆ.

ಹೊರದೇಶಗಳಲ್ಲಿ ಗಬ್ಬದ ಹಸುವಿಗೆ ಕೊಡುವ ಲಸಿಕೆಯ ಬಾಟಲಿ ಮೇಲೆ ಕೊರೊನಾ ವೈರಸ್ ಎಂದು ಅಚ್ಚಾಗಿರುವುದರ ಫೋಟೊ 2020ರಲ್ಲಿ ಊರೂರು ಸುತ್ತಿತು: ‘ನೋಡಿ, ಲಸಿಕೆ ಮೊದಲೇ ಇತ್ತು, ಮುಚ್ಚಿಟ್ಟಿದ್ದರು!’ ಅದು ಕರು ಭೇದಿಯ ಕೊರೊನಾಕ್ಕೆ, ಕೋವಿಡ್‌ಗಲ್ಲ. ಪಶುವೈದ್ಯರ ಹತ್ತಿರ ತೊಂಬತ್ತು ವರ್ಷದ ಕಡತವಿತ್ತು. ಅದನ್ನು ಬಿಡಿಸಿ ಓದಿ ಹೇಳುವಂತೆ ಅವರನ್ನು ಕೇಳಿದವರು ಕಡಿಮೆ, ಬಾಟಲಿಯ ಫೋಟೊ ಫಾರ್ವರ್ಡ್ ಮಾಡಿದವರೇ ಹೆಚ್ಚು.

ಹಾಗೆಂದು ಪ್ರಾಣಿಯ ಕೊರೊನಾ ಮನುಷ್ಯನಿಗೆ ದಾಟುವುದೇ ಇಲ್ಲವೆಂದಲ್ಲ. ನೆಗಡಿ ತರುವ ಓಸಿ43 ಎಂಬ ವೈರಸ್ಸಿನ ಜೀನ್‌ಗಳನ್ನು ದನದ್ದರ ಜೊತೆ ಹೋಲಿಸಿದ ಬೆಲ್ಜಿಯಂನ ಸಂಶೋಧಕರು, 1890ರ ಆಸುಪಾಸು ಅದು ದನದಿಂದ ಮನುಷ್ಯನಿಗೆ ಬಂದಿರಬಹುದೆಂದು 2005ರಲ್ಲಿ ಲೆಕ್ಕಹಾಕಿದರು. ಸಾಕುಪ್ರಾಣಿಗಳ ಪೈಕಿ ಈಗಲೂ ನಿಜಕ್ಕೂ ಹೆದರಬೇಕಾದದ್ದು ಒಂಟೆಗೆ. 2012ರಲ್ಲಿ ಸೌದಿಯಲ್ಲಿ ಪತ್ತೆಯಾದ, ಒಂಟೆಯಿಂದ ದಾಟುವ ಮೆರ್ಸ್ ಎಂಬ ಕೊರೊನಾ ರೋಗ, ವರದಿಯಾದ ರೋಗಿಗಳಲ್ಲಿ ನೂರಕ್ಕೆ ಸುಮಾರು 35 ಮಂದಿಯನ್ನು ಬಲಿ ತೆಗೆದುಕೊಂಡಿದೆ. ಒಂಟೆಗೆ ಮಾತ್ರ ಹೆಚ್ಚೆಂದರೆ ಸಣ್ಣ ನೆಗಡಿ. ಮನೆಗೊಬ್ಬರಂತೆ ಗಲ್ಫ್‌ನಲ್ಲಿರುವ ನಮ್ಮ ಜಿಲ್ಲೆಗಳಿಗೆ ಇದು ದೂರದ ಮಾತಲ್ಲ. 2014ರಲ್ಲಿ ಜಿದ್ದಾದಲ್ಲಿ ರೋಗ ಏರಿದಾಗ ಆಸ್ಪತ್ರೆಗಳ ಒಳಗೇ ಅದು ಹೆಚ್ಚು ಹಬ್ಬಿತ್ತು, ಅಂಥ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಒಂಟೆಯ ಹಸಿ ಹಾಲು ಕುಡಿಯಬೇಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇಂದಿಗೂ ಹಾಗೆಯೇ ಇದೆ. ಗೋಡೆಕೆರೆಯ ಆಡಿಗೆ ಬೆಚ್ಚಿದ ನಾವು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡೆವೋ!

ಕೋವಿಡ್ ವೈರಸ್ಸಿನ ಹಾದಿ ಮಾತ್ರ ಹೆಚ್ಚಾಗಿ ತಿರುಗುಮುರುಗು: ನಮ್ಮಿಂದ ಪ್ರಾಣಿಗೆ. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಮೃಗಾಲಯದ ಹುಲಿ, 2021ರ ಮೇನಲ್ಲಿ ಹೈದರಾಬಾದಿನ ಎಂಟು ಸಿಂಹಗಳು, ಆಮೇಲೆ ಅಮೆರಿಕದ ಕಾಡಿನ ಜಿಂಕೆಗಳು. ಸಾಕಣೆಯಲ್ಲಿ ಮನುಷ್ಯನಿಂದ ಹೋಗಿ ಮತ್ತೆ ಮನುಷ್ಯನಿಗೆ ಮರಳಿದ್ದು ಮಿಂಕ್ ಎಂಬ ತುಪ್ಪಳದ ಪ್ರಾಣಿಯಲ್ಲಿ. ಡೆನ್ಮಾರ್ಕ್ 2020ರ ನವೆಂಬರ್‌ನಲ್ಲಿ ಸುಮಾರು 1.7 ಕೋಟಿ ಮಿಂಕ್‌ಗಳನ್ನು ಕೊಲ್ಲಲು ಹೊರಟಿತು. ಸಾವಿರಗಟ್ಟಲೆ ಪ್ರಾಣಿಗಳನ್ನು ಗೂಡುಗಳಲ್ಲಿ ಒತ್ತೊತ್ತಾಗಿ ಸಾಕಿದ್ದರ ಫಲ ಅದು.

ಆಡು, ಕುರಿ, ದನದ ಮಾತೇನು? ವೈರಸ್ ಜೀವಕೋಶಕ್ಕೆ ಕಚ್ಚಿಕೊಳ್ಳುವ ಎಸಿಇ2 ಎಂಬ ಪ್ರೋಟೀನು ಇವುಗಳಲ್ಲೂ ಮನುಷ್ಯನದ್ದನ್ನು ಹೋಲುವುದರಿಂದ ಕಂಪ್ಯೂಟರ್ ಲೆಕ್ಕದಲ್ಲಿ ಅಪಾಯ ಕಂಡಿತ್ತು. ನಿಜವಾದ ಪ್ರಾಣಿಗಳ ಮೂಗಿಗೆ ವೈರಸ್ ಹಾಕಿ ನೋಡಿದಾಗ ಹಾಗಾಗಲಿಲ್ಲ. ಜರ್ಮನಿಯ ಫ್ರೀಡ್ರಿಷ್ ಲ್ಯೋಫ್ಲರ್ ಸಂಸ್ಥೆಯಲ್ಲಿ ಆರು ಕರುಗಳಿಗೆ ಕೊಟ್ಟರೆ ಎರಡರಲ್ಲಷ್ಟೇ ಸ್ವಲ್ಪ ಬೆಳೆಯಿತು, ಜೊತೆಯಲ್ಲಿ ಕಟ್ಟಿದ್ದ ಕರುಗಳಿಗೆ ಹರಡಲಿಲ್ಲ. ಕೋಳಿ, ಹಂದಿಗೆ ಹಿಡಿಯಲೇ ಇಲ್ಲ. ಅಮೆರಿಕದಲ್ಲಿ ಆಡು ಕುರಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಸೋಂಕು ತೀರಾ ದುರ್ಬಲ. ತಾಂಜಾನಿಯದ ಅಧ್ಯಕ್ಷ ಮಗುಫುಲಿ 2020ರ ಮೇನಲ್ಲಿ, ಆಡಿನ ಮಾದರಿಯೂ ಪಪ್ಪಾಯಿ ಹಣ್ಣಿನ ಮಾದರಿಯೂ ಪಾಸಿಟಿವ್ ಬಂತೆಂದು ಪರೀಕ್ಷಾ ಕಿಟ್‌ಗಳನ್ನೇ ಗೇಲಿ ಮಾಡಿದ್ದರು. ಆ ಆಡಿಗಿಂತ ಈ ಪ್ರಯೋಗಗಳೇ ವಾಸಿ.

ಹಾಗಾದರೆ ಘಟ್ಟದಿಂದ ತಂದ ಆಡಿನ ಮೂಗು, ಕಣ್ಣು ಸೋರಿ, ಜ್ವರ ಬಂದು, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಕೆಮ್ಮತೊಡಗಿದರೆ? ಪಶುವೈದ್ಯರಿಗೆ ಮೊದಲು ಹೊಳೆಯುವುದು ಪಿಪಿಆರ್ ಎಂಬ ಆಡು ಕುರಿಗಳ ರೋಗ. ಇದು ಕೊರೊನಾ ಜಾತಿಯದ್ದಲ್ಲ, ದಡಾರದ ವೈರಸ್ಸಿನ ಕಡೆಯ ನೆಂಟ; ಮನುಷ್ಯನಿಗೆ ಅಂಟದು, ಹಿಂಡಿಗೆ ಹಿಂಡನ್ನೇ ತೆಗೆಯಬಲ್ಲದು. ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2030ರೊಳಗೆ ಇದನ್ನು ಭೂಮಿಯಿಂದಲೇ ಅಳಿಸುವ ಗುರಿ ಇಟ್ಟುಕೊಳ್ಳಲಾಗಿದೆ. ನಮ್ಮ ದೇಶದ್ದೇ ಸುಂಗ್ರಿ ತಳಿಯ ಲಸಿಕೆಯನ್ನು ಮರಿಗೆ ಮೂರು ನಾಲ್ಕು ತಿಂಗಳಾದಾಗ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ. ಸಂತೆಯಿಂದ ತಂದದ್ದನ್ನು ಎರಡು ಮೂರು ವಾರ ಮನೆಯ ಆಡುಗಳಿಂದ ದೂರ ಕಟ್ಟಬೇಕು, ನೀರಿನ ಬಾನಿಯೂ ಬೇರೆಯಿರಲಿ. ಲಸಿಕೆ ಊರಿನ ಸರಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಸಿಗುತ್ತದೆ.