ಟ್ರಸ್ ಲೆಕ್ಕದಲ್ಲಿ ಮೈನಸ್ ಬಂದ್ರೆ ಬಾಣ ತಿರುಗಿಸಬೇಕಾ?

ಪ್ರಶ್ನೆ: ಹಾಸನದಲ್ಲಿ ಡಿಪ್ಲೊಮಾ ಸಿವಿಲ್ ಓದ್ತಿದ್ದೇನೆ ಸರ್. ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಚಾವಣಿ ಚೌಕಟ್ಟು) ಲೆಕ್ಕದಲ್ಲಿ ಯಾವ ಮೆಂಬರ್ (ಅದರ ಒಂದೊಂದು ತುಂಡು) ಎಳೆಯುತ್ತೆ, ಯಾವುದು ತಳ್ಳುತ್ತೆ ಅಂತ ಮೊದಲೇ ಗೊತ್ತಿರಲ್ಲ. ಅಂದಾಜಿನ ಮೇಲೆ ಒಂದು ಬಾಣ ಹಾಕ್ತೀನಿ, ಕೊನೆಗೆ ಮೈನಸ್ ಬರುತ್ತೆ. ಆಗ ಬಾಣ ತಿರುಗಿಸಿ ಮೊದಲಿಂದ ಮಾಡಬೇಕಾ?

ಬೇಡ. ಲೆಕ್ಕ ಸರಿಯಾಗೇ ಇದೆ, ಆ ಮೆಂಬರ್ ಒತ್ತಡದಲ್ಲಿ, ಅಂದರೆ ಕಂಪ್ರೆಷನ್‌ನಲ್ಲಿದೆ ಅಂತ ಅರ್ಥ, ಅಷ್ಟೇ. ಆದರೆ ಇಷ್ಟು ಸಲೀಸಾಗಿ ಹೇಳೋಕೆ ಒಂದು ಷರತ್ತಿದೆ. ಶುರುವಿನಲ್ಲೇ ಎಲ್ಲ ಬಾಣಗಳನ್ನೂ ಮೆಂಬರ್‌ಗಳು ಕೂಡುವ ಜಾಯಿಂಟ್‌ನಿಂದ ಹೊರಗೆ ಹೋಗುವ ಹಾಗೆ ಹಾಕಿರಬೇಕು, ಅಂದರೆ ಎಲ್ಲ ಮೆಂಬರ್‌ಗಳೂ ಎಳೆತದಲ್ಲಿ (ಟೆನ್ಷನ್‌ನಲ್ಲಿ) ಇವೆ ಅಂದುಕೊಂಡೇ ಹೊರಡಬೇಕು. ಇಳಿಜಾರಿನ ಮೆಂಬರ್ ಕಂಪ್ರೆಷನ್ ಅಂತ ನೋಡಿದ ತಕ್ಷಣ ಗೊತ್ತಾದರೂ ಬಾಣ ಹೊರಗೇ ಇರಲಿ. ಒಂದನ್ನು ಒಳಗೆ, ಒಂದನ್ನು ಹೊರಗೆ ಅಂತ ಜಾಣತನ ಮಾಡಿದರೆ, ಮೂರನೇ ಜಾಯಿಂಟ್‌ಗೆ ಬರುವಷ್ಟರಲ್ಲಿ ಯಾವ ಮೈನಸ್‌ಗೆ ಏನರ್ಥ ಅಂತ ನಿಮಗೇ ತಿಳಿಯಲ್ಲ.

ಒಂದು ಲೆಕ್ಕ ಮಾಡೇ ಬಿಡೋಣ. ಸಕಲೇಶಪುರದ ಕಡೆ ಕಾಫಿ ಕಣದ ಪಕ್ಕ ಮೂಟೆ ಇಡೋಕೆ ಶೀಟಿನ ಶೆಡ್ ಹಾಕಿರ್ತಾರಲ್ಲ, ಅದರ ಒಂದು ಟ್ರಸ್ ಅಂದುಕೊಳ್ಳಿ. ಎಡ ತುದಿ ಎ, ಬಲ ತುದಿ ಬಿ, ನಡುವೆ 8 ಮೀಟರ್. ನೆತ್ತಿ ಸಿ, 3 ಮೀಟರ್ ಎತ್ತರದಲ್ಲಿ. ಅದರ ನೇರ ಕೆಳಗೆ, ಅಡ್ಡ ಮೆಂಬರ್‌ನ ಸರಿ ಮಧ್ಯದಲ್ಲಿ ಡಿ. ಸಿ ಮತ್ತು ಡಿ ನಡುವೆ ಒಂದು ನಿಲುವು ಮೆಂಬರ್. ಸಿ ಮೇಲೆ 12 ಕಿಲೋನ್ಯೂಟನ್ ಭಾರ, ಅಂದರೆ ಹೆಚ್ಚೂಕಡಿಮೆ 1,200 ಕೆಜಿ. ಟ್ರಸ್‌ನ ಸ್ವಂತ ತೂಕ ಸದ್ಯಕ್ಕೆ ಬಿಡಿ. ಭಾರ ಮಧ್ಯದಲ್ಲಿರೋದರಿಂದ ಎರಡೂ ತುದಿಯಲ್ಲಿ ಆಧಾರ ಮೇಲಕ್ಕೆ ಕೊಡುವ ಬಲ (ರಿಯಾಕ್ಷನ್) 6, 6.

ಒಂದು ಜಾಯಿಂಟ್‌ಗೆ ಸಿಗೋದು ಎರಡೇ ಸಮೀಕರಣ, ಹಾಗಾಗಿ ಗೊತ್ತಿಲ್ಲದ ಬಲ ಎರಡಕ್ಕಿಂತ ಜಾಸ್ತಿ ಇರೋ ಜಾಯಿಂಟ್‌ಗೆ ಮೊದಲು ಕೈ ಹಾಕಬೇಡಿ. ಸಿ ಯಲ್ಲಿ ಮೂರಿವೆ, ಎ ಯಲ್ಲಿ ಎರಡೇ. ಎ ಇಂದಲೇ ಶುರು. ಇಳಿಜಾರು ಮೆಂಬರ್ ಎಸಿಯ ಉದ್ದ 5 ಮೀಟರ್ (3, 4, 5ರ ತ್ರಿಕೋನ), ಆದ್ದರಿಂದ ಕೋನ ಹುಡುಕುವ ತಾಪತ್ರಯ ಇಲ್ಲ.

ಮೇಲೆ-ಕೆಳಗೆ: 6 + (3/5) × ಎಸಿ = 0. ಎಸಿ = −10.
ಅಡ್ಡಕ್ಕೆ: ಎಡಿ + (4/5) × (−10) = 0. ಎಡಿ = +8.

ಎರಡನೇ ಸಾಲಿಗೆ −10 ಅನ್ನು ಮೈನಸ್ ಸಮೇತ ಹಾಕಿದ್ದು ನೋಡಿದ್ರಲ್ಲ? ತುಂಬಾ ಜನ ಎಡವೋದು ಇಲ್ಲೇ. ಮೈನಸ್ ಕಂಡ ಕೂಡಲೇ ಚಿತ್ರದಲ್ಲಿ ಬಾಣ ತಿರುಗಿಸುತ್ತಾರೆ, ಆಮೇಲೆ ಸಮೀಕರಣಕ್ಕೂ ಮೈನಸ್ ಹಾಕುತ್ತಾರೆ. ಒಂದೇ ತಿದ್ದುಪಡಿ ಎರಡು ಸಲ ಆಯ್ತು. ಸಿ ಜಾಯಿಂಟ್‌ನಲ್ಲಿ ಇದರ ಫಲ ಕಾಣುತ್ತೆ. ಸರಿಯಾಗಿ ಮಾಡಿದರೆ ಅಲ್ಲಿ −12 + 6 + 6 − ಸಿಡಿ = 0, ಸಿಡಿ ಸೊನ್ನೆ. ಎರಡು ಸಲ ತಿರುಗಿಸಿದವರಿಗೆ −12 − 6 − 6 − ಸಿಡಿ = 0 ಆಗಿ ಸಿಡಿ −24 ಬರುತ್ತೆ. ಡಿ ಜಾಯಿಂಟ್‌ನಲ್ಲಿ ಬೇರೆ ಭಾರವೂ ಇಲ್ಲ, ಮೇಲೆ-ಕೆಳಗೆ ಬೇರೆ ಮೆಂಬರೂ ಇಲ್ಲ. ಆ 24ನ್ನು ತಡೆಯೋರು ಯಾರು?

ಕೊನೆಯಲ್ಲಿ ಒಂದು ಚೆಕ್ ಮಾಡಿಕೊಳ್ಳಿ. ಎಸಿ ಮತ್ತು ಎಡಿಯನ್ನು ಕತ್ತರಿಸಿದ ಹಾಗೆ ಗೆರೆ ಎಳೆದು, ಎಡ ತುಂಡಿಗೆ ಸಿ ಸುತ್ತ ಮೊಮೆಂಟ್ (ತಿರುಗಿಸುವ ಪರಿಣಾಮ, ಬಲ × ದೂರ) ತೆಗೆದುಕೊಳ್ಳಿ. ಎಸಿ ಬಲ ಸಿ ಮೂಲಕವೇ ಹೋಗೋದರಿಂದ ಲೆಕ್ಕದಲ್ಲೇ ಬರಲ್ಲ. 6 × 4 = ಎಡಿ × 3, ಎಡಿ 8. ಒಂದೇ ಸಾಲು. ನನ್ನ ಕೇಳಿದರೆ ಪರೀಕ್ಷೆಯಲ್ಲಿ ಈ ಒಂದು ನಿಮಿಷ ಉಳಿಸೋಕೆ ಹೋಗಬಾರದು. ಉತ್ತರ ಬರೆಯುವಾಗ ಎಸಿ = 10, ಕಂಪ್ರೆಷನ್ ಅಂತ ಬಿಡಿಸಿ ಬರೆಯಿರಿ.

ಸಿಡಿ ಸೊನ್ನೆ ಬಂದಿದ್ದು ವಿಚಿತ್ರ ಅನ್ನಿಸ್ತಾ? ನೋಡೋಕೆ ಅದೇ ನೆತ್ತಿಯನ್ನು ಹೊತ್ತು ನಿಂತ ಕಂಬದ ಹಾಗಿದೆ. ಹಳೇ ಹೆಂಚಿನ ಮನೆಗಳ ಮರದ ಟ್ರಸ್‌ನಲ್ಲೂ ಹಾಗೇ ಕಾಣುತ್ತೆ. ಆದರೆ ಅದರ ಕೆಳ ತುದಿಯನ್ನು ಹೊರೋಕೆ ಕೆಳಗೇನೂ ಇಲ್ಲವಲ್ಲ. ನೆತ್ತಿಯನ್ನು ಹಿಡಿದಿರೋದು ಎರಡು ಇಳಿಜಾರು ಮೆಂಬರ್‌ಗಳು. ಅದೇ 12 ಕಿಲೋನ್ಯೂಟನ್ ಭಾರವನ್ನು ಸಿ ಇಂದ ತೆಗೆದು ಡಿ ಗೆ ಚೈನ್ ಪುಲ್ಲಿ ಹಾಕಿ ನೇತುಹಾಕಿ ನೋಡಿ. ಎಸಿ, ಎಡಿ ಎರಡೂ ಮೊದಲಿನಷ್ಟೇ ಇರುತ್ತವೆ. ಸಿಡಿ ಮಾತ್ರ +12 ಆಗುತ್ತೆ. ಕಂಬ ಅಂದುಕೊಂಡಿದ್ದು ನಿಜಕ್ಕೂ ಹಗ್ಗದ ಕೆಲಸ ಮಾಡುತ್ತೆ.

ಇನ್ನು ಈ ಪ್ಲಸ್ಸು ಮೈನಸ್ಸಿಗೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂದ್ರೆ, ಎಳೆತಕ್ಕೆ ಸಣ್ಣ ಕಬ್ಬಿಣದ ಸರಳು ಸಾಕು, ಒತ್ತಡಕ್ಕೆ ಅದೇ ಸರಳು ಬಿಲ್ಲಿನ ಹಾಗೆ ಬಾಗಿಬಿಡುತ್ತೆ. ಉದ್ದ ಎರಡು ಪಟ್ಟಾದರೆ ಬಾಗದೆ ತಡೆಯುವ ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ನಮ್ಮ ಟ್ರಸ್‌ನಲ್ಲಿ ಎಡಿ +8, ಹಾಗಾಗಿ ಕೆಳಗೆ ಸರಳು ಹಾಕಿ ದುಡ್ಡು ಉಳಿಸೋಣ ಅನ್ನಿಸಬಹುದು. ಆದರೆ ಮಲೆನಾಡಿನ ಮಳೆಗಾಲದ ಗಾಳಿ ಗೋಡೆಯಿಲ್ಲದ ಶೆಡ್‌ನ ಒಳಗೆ ನುಗ್ಗಿ ಶೀಟನ್ನು ಮೇಲಕ್ಕೆ ಎತ್ತುತ್ತೆ. ಶೀಟಿನ ತೂಕ ಕಳೆದೂ ಸಿ ಯಲ್ಲಿ 12 ಕಿಲೋನ್ಯೂಟನ್ ಮೇಲ್ಮುಖವಾಗಿ ಉಳಿಯಿತು ಅಂದುಕೊಳ್ಳಿ. ಅಂಕಿ ಒಂದೂ ಬದಲಾಗಲ್ಲ, ಚಿಹ್ನೆ ಎಲ್ಲ ತಿರುಗುತ್ತೆ: ಎಸಿ +10, ಎಡಿ −8. ತುದಿಯಲ್ಲಿ ಟ್ರಸ್ಸನ್ನು ಕೆಳಕ್ಕೆ ಹಿಡಿಯೋಕೆ ಬೋಲ್ಟ್ ಬೇಕಾಗುತ್ತೆ, ಕೆಳಗಿನ ಸರಳು ಬಾಗುತ್ತೆ. ಅದಕ್ಕೇ ಶೆಡ್ ಡಿಸೈನ್ ಮಾಡುವವರು ಭಾರತೀಯ ಮಾನಕ ಐಎಸ್ 875ರ 3ನೇ ಭಾಗ ನೋಡಿ ಗಾಳಿಗೆ ಬೇರೆಯೇ ಲೆಕ್ಕ ಹಾಕಿ, ಪ್ರತಿ ಮೆಂಬರ್ ಮುಂದೆ ಟೆನ್ಷನ್‌ಗೆ ಒಂದು, ಕಂಪ್ರೆಷನ್‌ಗೆ ಒಂದು ಅಂತ ಎರಡು ಕಾಲಂ ಬರೆದುಕೊಳ್ಳುತ್ತಾರೆ.