ಓದುಗರ ಪ್ರಶ್ನೆ: ಲ್ಯಾಬಿನ ಇಲಿಗೆ ಮಲೇರಿಯಾ, ಎಚ್‌ಐವಿ ಎರಡನ್ನೂ ಕೊಟ್ಟು ನೋಡಿದರೆ ಸಾಕಲ್ವಾ?

ಎರಡೂ ರೋಗ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂದು ತಿಳಿಯಲು ಅಷ್ಟು ಸಾಕಾಗುವುದಿಲ್ಲ. ಯಾಕೆಂದರೆ ಮನುಷ್ಯರಿಗೆ ಬರುವ ಮಲೇರಿಯಾ, ಎಚ್‌ಐವಿ ಎರಡೂ ಮಾಮೂಲಿ ಇಲಿಗೆ ಹತ್ತುವುದೇ ಇಲ್ಲ. ಎಚ್‌ಐವಿ ಇಲಿಯ ಸಿಡಿ4 ಕಣದೊಳಗೆ (ಇದೊಂದು ಬಗೆಯ ಬಿಳಿ ರಕ್ತಕಣ) ನುಗ್ಗಲಾರದು. ಆಫ್ರಿಕಾದಲ್ಲಿ ಜಾಸ್ತಿ ಜೀವ ತೆಗೆಯುವ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ಇಲಿಯ ಕೆಂಪು ರಕ್ತಕಣದಲ್ಲಿ ಬೆಳೆಯದು.

ಹಾಗಾಗಿ ಮೊದಲು ಕೈಹಾಕುವುದು ಪೆಟ್ರಿ ತಟ್ಟೆಗೆ, ಅಂದರೆ ಲ್ಯಾಬಿನಲ್ಲಿ ಕಣ ಬೆಳೆಸುವ ಚಿಕ್ಕ ಮುಚ್ಚಳದ ತಟ್ಟೆಗೆ. ಫಾಲ್ಸಿಪಾರಂ ಅನ್ನು ಮನುಷ್ಯರ ರಕ್ತಕಣದಲ್ಲಿ ನಿರಂತರವಾಗಿ ಬೆಳೆಸುವ ದಾರಿಯನ್ನು 1976ರಲ್ಲಿ ವಿಜ್ಞಾನಿಗಳಾದ ಟ್ರೇಗರ್ ಮತ್ತು ಜೆನ್ಸನ್ ತೋರಿಸಿದರು. ವಿಧಾನ ಎಷ್ಟು ಸರಳ ನೋಡಿ. ತಟ್ಟೆಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಪಕ್ಕದಲ್ಲೊಂದು ಮೇಣದಬತ್ತಿ ಹಚ್ಚಿ ಮುಚ್ಚಳ ಹಾಕುತ್ತಾರೆ. ಬತ್ತಿ ಆರಿದ ಕೂಡಲೇ ಮುಚ್ಚಳದ ನಲ್ಲಿ ತಿರುಗಿಸಿ ಗಾಳಿ ಬಂದ್ ಮಾಡುತ್ತಾರೆ. ಒಳಗೆ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಪರಾವಲಂಬಿಗೆ ಬೇಕಾದ್ದು ಅದೇ. 37 ಡಿಗ್ರಿ ಶಾಖದಲ್ಲಿ ಸುಮಾರು 48 ಗಂಟೆಗೊಮ್ಮೆ ರಕ್ತಕಣ ಒಡೆದು ಹೊಸ ಪೀಳಿಗೆ ಹೊರಬರುತ್ತದೆ.

ಎಚ್‌ಐವಿ ಇರುವ ಬಿಳಿ ರಕ್ತಕಣಗಳಿಗೆ ಮಲೇರಿಯಾದ ಪ್ರೋಟೀನ್ ಸೋಕಿಸಿದಾಗ ವೈರಸ್ ಜೋರಾಗಿ ಹೆಚ್ಚಿದ್ದು 1998ರಲ್ಲಿ ಕಂಡಿತು. ಮಲೇರಿಯಾ ರೋಗನಿರೋಧಕ ಕಣಗಳನ್ನು ಕೆರಳಿಸುತ್ತದೆ, ಕೆರಳಿದ ಕಣದಲ್ಲೇ ಎಚ್‌ಐವಿ ಚೆನ್ನಾಗಿ ಬೆಳೆಯುತ್ತದೆ. ಮಲಾವಿಯ ರೋಗಿಗಳಲ್ಲೂ ಇದು ನಿಜವಾಯಿತು. ಮಲೇರಿಯಾ ಬಂದಾಗ ರಕ್ತದಲ್ಲಿ ವೈರಸ್ ಹೆಚ್ಚುಕಡಿಮೆ ಎರಡು ಪಟ್ಟಾಗಿ, ಕೆಲವು ವಾರಗಳ ನಂತರ ಇಳಿದಿತ್ತು ಎಂದು 2005ರ ವರದಿ ಹೇಳಿತು.

ಆದರೆ ತಟ್ಟೆಯಲ್ಲಿ ಗುಲ್ಮವಿಲ್ಲ, ಕರುಳಿಲ್ಲ, ಲಿವರ್ ಇಲ್ಲ. ಇಡೀ ದೇಹ ಬೇಕಾದಾಗ ರೀಸಸ್ ಕೋತಿ ಬರುತ್ತದೆ. ಅದಕ್ಕೆ ಎಚ್‌ಐವಿಯ ದಾಯಾದಿ ಎಸ್‌ಐವಿ ಕೊಡುತ್ತಾರೆ, ಜೊತೆಗೆ ಕೋತಿಗಳದ್ದೇ ಮಲೇರಿಯಾ. ಅದರಲ್ಲೊಂದು ಪ್ಲಾಸ್ಮೋಡಿಯಂ ಫ್ರಾಗೈಲ್, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕೋತಿಗಳಲ್ಲಿ ಸಹಜವಾಗಿ ಇರುವಂಥದ್ದು. ಫಾಲ್ಸಿಪಾರಂನಂತೆ ಇದೂ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ಕೂರುತ್ತದೆ. ಇಲಿಯನ್ನೂ ಪೂರ್ತಿ ಕೈಬಿಟ್ಟಿಲ್ಲ. ಮನುಷ್ಯರ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕಣ) ಸೇರಿಸಿದ ವಿಶೇಷ ಇಲಿಗಳಿಗೆ ಎಚ್‌ಐವಿ ಹತ್ತುತ್ತದೆ.

ತಟ್ಟೆಯೊಂದನ್ನೇ ನಂಬಿದ್ದರೆ ಏನು ತಪ್ಪಿಹೋಗುತ್ತಿತ್ತು ಎಂಬುದಕ್ಕೆ ಉಗಾಂಡದ ಟೊರೊರೊ ಎಂಬ ಊರು ಸಾಕ್ಷಿ. ಎಚ್‌ಐವಿಯ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳು ಮಲೇರಿಯಾ ಪರಾವಲಂಬಿಯ ಬೆಳವಣಿಗೆಯನ್ನೂ ತಡೆಯುತ್ತವೆ ಎಂದು ತಟ್ಟೆಯಲ್ಲಿ ಗೊತ್ತಾಗಿತ್ತು. ಅಲ್ಲಿನ ಎಚ್‌ಐವಿ ಪೀಡಿತ ಮಕ್ಕಳಲ್ಲಿ ಇದೇ ಬಗೆಯ ಲೋಪಿನಾವಿರ್-ರಿಟೊನಾವಿರ್ ಮಾತ್ರೆ ತೆಗೆದುಕೊಂಡವರಿಗೆ ಮಲೇರಿಯಾ ಸುಮಾರು ಶೇ. 41ರಷ್ಟು ಕಡಿಮೆ ಬಂತು ಎಂದು 2012ರಲ್ಲಿ ವರದಿಯಾಯಿತು. ಆದರೆ ಮುಖ್ಯ ಕಾರಣ ಬೇರೆಯೇ ಇತ್ತು. ಆ ಮಾತ್ರೆ ಲಿವರಿನ ಕಿಣ್ವವೊಂದನ್ನು ತಡೆಯುತ್ತದೆ. ಹಾಗಾಗಿ ಮಲೇರಿಯಾಕ್ಕೆ ಕೊಟ್ಟ ಲುಮೆಫ್ಯಾಂಟ್ರಿನ್ ಎಂಬ ಔಷಧಿ ಬೇಗ ಕರಗದೆ ರಕ್ತದಲ್ಲಿ ಹೆಚ್ಚು ಉಳಿದು, ಜ್ವರ ಮರುಕಳಿಸುವುದನ್ನು ತಡೆಯುತ್ತಿತ್ತು.