ತಣ್ಣೀರಲ್ಲ, ಮಗು ಎತ್ತುವ ರೀತಿ

ಹೋದ ವಾರ ಬಸವನಗುಡಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಮೂರು ತಿಂಗಳ ಬಾಣಂತಿಯೊಬ್ಬರು ಬಂದಿದ್ದರು. ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೆಳೆತ, ಹಾಲಿನ ಪಾತ್ರೆ ಎತ್ತಲೂ ಆಗುತ್ತಿರಲಿಲ್ಲ. "ಬೇಡ ಅಂದ್ರೂ ತಣ್ಣೀರು ಮುಟ್ಟಿದ್ಲು ಡಾಕ್ಟ್ರೇ, ವಾಯು ಹಿಡ್ಕೊಂಡಿದೆ" ಎಂದರು ಜೊತೆಗಿದ್ದ ಅಮ್ಮ.

"ಮಗುನ ಒಂದ್ಸಲ ಎತ್ತಿ ನೋಡೋಣ" ಎಂದೆ. ಹೆಬ್ಬೆರಳು ಅಗಲಿಸಿ, ಮಗುವಿನ ಎರಡೂ ಕಂಕುಳಿಗೆ ಕೈಕೊಟ್ಟು, ಮಣಿಕಟ್ಟು ಸೊಟ್ಟ ಮಾಡಿ ಎತ್ತಿದರು. ಮುಖ ಕಿವುಚಿತು. ಇದನ್ನೇ ದಿನಕ್ಕೆ ಎಷ್ಟು ಸಲ ಮಾಡುತ್ತಾರೋ!

ಹೆಬ್ಬೆರಳನ್ನು ಆಡಿಸುವ, ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಯಂಥ ಎರಡು ಟೆಂಡನ್‌ಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಇಕ್ಕಟ್ಟಾದ ಹಾದಿಯೊಳಗೆ ಹೋಗುತ್ತವೆ, ಪೈಜಾಮದ ಮಡಿಕೆಯೊಳಗೆ ಲಾಡಿ ಇರುವ ಹಾಗೆ. ಮಡಿಕೆ ದಪ್ಪವಾಗಿ ಬಿಗಿಯಾದರೆ ಲಾಡಿ ಸಲೀಸಾಗಿ ಜಾರುವುದಿಲ್ಲ, ಅಲ್ವಾ? ನೋವು ಅದರದ್ದೇ. ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಕಾಯಿಲೆಗೆ ಅವರದೇ ಹೆಸರು.

ಔಷಧಿಯಂಗಡಿಯಿಂದ ತಂದ ಮಣಿಕಟ್ಟಿನ ಪಟ್ಟಿ ಆ ಬಾಣಂತಿಯ ಕೈಯಲ್ಲಿತ್ತು. ಹೆಬ್ಬೆರಳು ಮಾತ್ರ ಹೊರಗೆ, ಆರಾಮಾಗಿ ಆಡಿಕೊಂಡು! ಇದಕ್ಕೆ ಹೆಬ್ಬೆರಳನ್ನೂ ಅಲುಗದಂತೆ ಹಿಡಿದಿಡುವ ಗಟ್ಟಿ ಪಟ್ಟಿ, ಅಂದರೆ ಸ್ಪ್ಲಿಂಟೇ ಬೇಕು. ಮಗುವನ್ನು ಒಂದು ಅಂಗೈ ಕುಂಡಿಯ ಕೆಳಗೆ, ಇನ್ನೊಂದು ಕತ್ತಿನ ಕೆಳಗೆ ಕೊಟ್ಟು ಬಾಚಿ ಎತ್ತಬೇಕು. ಹಾಲೂಡಿಸುವಾಗ ಭಾರ ದಿಂಬಿನ ಮೇಲಿರಲಿ. ಎಣ್ಣೆ ನೀರು ಬೇಡ ಎನ್ನುವುದಿಲ್ಲ, ಆದರೆ ನೋಯುವ ಜಾಗವನ್ನು ಒತ್ತಿ ತಿಕ್ಕಿಸಬೇಡಿ. ಕೆಲವು ವಾರಗಳಾದರೂ ತಗ್ಗದಿದ್ದರೆ ಮೂಳೆ ಡಾಕ್ಟರು ಸ್ಟಿರಾಯ್ಡ್ ಇಂಜೆಕ್ಷನ್ ಹೇಳುತ್ತಾರೆ. ಹೆಸರು ಕೇಳಿಯೇ ಹೆದರುವವರು ಜಾಸ್ತಿ. ಆದರೆ ಹೆಚ್ಚಿನವರಿಗೆ ಅದರಿಂದ ಗುಣ ಕಾಣುತ್ತದೆ, ಆಪರೇಷನ್‌ವರೆಗೆ ಹೋಗುವವರು ಕಡಿಮೆ.

ಅದೇ ದಿನ ಬಂದ ಆಟೋ ಚಾಲಕರದ್ದು ಬೇರೆ ಕತೆ. ಎಡಗೈಯಲ್ಲಿ ನಡುರಾತ್ರಿ ಜೋಮು. ಎದ್ದು ಕೈ ಕೊಡವಿದರೆ ಸರಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ, ಕಿರುಬೆರಳಿಗೆ ಏನೂ ಇಲ್ಲ. ಆಟೋದಲ್ಲಿ ಎಡಗೈಯಿಂದ ಕ್ಲಚ್ ಹಿಂಡಿ, ಅದೇ ಮಣಿಕಟ್ಟು ತಿರುಗಿಸಿ ಗೇರ್ ಹಾಕಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಲೆಕ್ಕವೇ ಇಲ್ಲ. ಇಲ್ಲಿ ಒತ್ತಡ ಬೀಳುವುದು ಮಣಿಕಟ್ಟಿನೊಳಗೆ ಹಾಯುವ ನರದ ಮೇಲೆ, ಈ ತೊಂದರೆಗೆ ಕಾರ್ಪಲ್ ಟನಲ್ ಎನ್ನುತ್ತೇವೆ. ಅವರು ಪಟ್ಟಿಯನ್ನು ಹಗಲೆಲ್ಲ ಕಟ್ಟಿಕೊಂಡು ರಾತ್ರಿ ಬಿಚ್ಚಿಡುತ್ತಿದ್ದರು! ನಿದ್ದೆಯಲ್ಲಿ ಮಣಿಕಟ್ಟು ಮಡಚುತ್ತದೆ, ಅದನ್ನು ನೇರವಾಗಿಡುವ ಸ್ಪ್ಲಿಂಟ್ ಬೇಕಿರುವುದು ಆಗಲೇ. ಶುಗರ್, ಥೈರಾಯ್ಡ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಎಂದೆ, ಅವುಗಳಿಂದಲೂ ಇದು ಬರುತ್ತದೆ.

ಜೋಮು ಹಗಲೂ ಬಿಡದಿದ್ದರೆ, ಹೆಬ್ಬೆರಳ ಬುಡದ ಮಾಂಸ ಬತ್ತಿದಂತೆ ಕಂಡರೆ, ನನ್ನ ಹತ್ತಿರ ಬಂದು ಸುಮ್ನೆ ದಿನ ಕಳೆಯಬೇಡಿ. ನೇರ ಸರ್ಜನ್ ಹತ್ತಿರ ಹೋಗಿ.